ಕ್ಲಾಸ್, ಇನ್‌ಹೆರಿಟೆನ್ಸ್ ಎಲ್ಲ ಕಲಿತೆ, ಆದರೆ ವಿಂಡೋ ಇರುವ ಪ್ರೋಗ್ರಾಂ ಬರೆಯೋದು ಹೇಗೆ?

ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆ ಇವೆ. ಸಿ ಪ್ಲಸ್ ಪ್ಲಸ್‌ನಲ್ಲಿ ಕ್ಲಾಸ್, ವರ್ಚುವಲ್ ಫಂಕ್ಷನ್ ಎಲ್ಲ ಕಲಿತಿದ್ದೀರಿ, ಆದರೆ ಬರೆದದ್ದೆಲ್ಲ ಕಪ್ಪು ಪರದೆಯ ಪ್ರೋಗ್ರಾಂಗಳೇ. ಬಟನ್ ಇರುವ ಒಂದು ಪುಟ್ಟ ಡೆಸ್ಕ್‌ಟಾಪ್ ಪ್ರೋಗ್ರಾಂ ಎಲ್ಲಿಂದ ಶುರು ಮಾಡಲಿ ಅನ್ನೋದು ಒಂದು. ಸೀನಿಯರ್ ಒಬ್ಬರ ಹಳೇ ಎಂಎಫ್‌ಸಿ ಪ್ರಾಜೆಕ್ಟ್ ತೆರೆದರೆ ಮೇನ್ ಫಂಕ್ಷನ್ನೇ ಇರಲಿಲ್ಲ, ಹಾಗಾದರೆ ಅದು ಎಲ್ಲಿಂದ ಓಡುತ್ತದೆ ಅನ್ನೋದು ಇನ್ನೊಂದು. ಎರಡನೆಯದನ್ನೇ ಮೊದಲು ಹೇಳುತ್ತೇನೆ. ಅದು ಅರ್ಥವಾದರೆ ಮೊದಲನೆಯದು ಅರ್ಧ ಮುಗಿದ ಹಾಗೆ.

ಮೇನ್ ಇದೆ, ಲೈಬ್ರರಿಯ ಒಳಗೆ ಕೂತಿದೆ. ಎಂಎಫ್‌ಸಿ ಮೈಕ್ರೋಸಾಫ್ಟ್ 1992ರಲ್ಲಿ ತಂದ, ವಿಂಡೋಸ್ ಪ್ರೋಗ್ರಾಂ ಬರೆಯುವ ಕ್ಲಾಸ್ ಲೈಬ್ರರಿ. ಆ ಪ್ರಾಜೆಕ್ಟ್‌ನಲ್ಲಿ ಸಿವಿನ್‌ಆಪ್ ಅನ್ನೋ ಕ್ಲಾಸ್‌ನಿಂದ ಹುಟ್ಟಿದ ಒಂದು ಕ್ಲಾಸ್ ಇರುತ್ತದೆ. ಅದರ ಒಂದೇ ಒಂದು ಗ್ಲೋಬಲ್ ಆಬ್ಜೆಕ್ಟ್ ಇರುತ್ತದೆ, ಸಾಮಾನ್ಯವಾಗಿ ದಿಆಪ್ ಅಂತ ಹೆಸರು. ಹುಡುಕಿ ನೋಡಿ, ಸಿಗುತ್ತದೆ. ಪ್ರೋಗ್ರಾಂ ಶುರುವಾದಾಗ ಲೈಬ್ರರಿಯ ಒಳಗಿನ ವಿನ್‌ಮೇನ್ ಆ ಆಬ್ಜೆಕ್ಟನ್ನು ಹಿಡಿದು, ಇನಿಟ್‌ಇನ್‌ಸ್ಟೆನ್ಸ್ ಅನ್ನೋ ವರ್ಚುವಲ್ ಫಂಕ್ಷನ್ ಕರೆಯುತ್ತದೆ. ನೀವು ಬರೆಯೋದು ಅದನ್ನು. ಅಂದರೆ ಲೈಬ್ರರಿಯನ್ನು ನೀವು ಕರೆಯೋದಲ್ಲ, ಅದೇ ನಿಮ್ಮನ್ನು ಕರೆಯುತ್ತದೆ. ಕಾಲೇಜಿನಲ್ಲಿ ವರ್ಚುವಲ್ ಫಂಕ್ಷನ್ ಯಾಕೆ ಬೇಕು ಅಂದರೆ ನಾಯಿ ಬೊಗಳುತ್ತದೆ, ಬೆಕ್ಕು ಮಿಯಾಂವ್ ಅನ್ನುತ್ತದೆ ಅಂತ ಉದಾಹರಣೆ ಕೊಟ್ಟರು. ನನಗೆ ಅದು ತಲೆಗೆ ಹತ್ತಿದ್ದು ವಿಂಡೋ ಬರೆದ ಮೇಲೆಯೇ.

ಕಪ್ಪು ಪರದೆಯ ಪ್ರೋಗ್ರಾಂ ಅಂದರೆ ಮೇಷ್ಟ್ರು ಇದ್ದ ಹಾಗೆ. ಅಸಲು ಎಷ್ಟು, ಬಡ್ಡಿ ಎಷ್ಟು, ಎಷ್ಟು ತಿಂಗಳು ಅಂತ ಸಾಲಾಗಿ ಕೇಳುತ್ತದೆ. ನೀವು ಅದೇ ಸಾಲಿನಲ್ಲಿ ಉತ್ತರ ಕೊಡಬೇಕು. ವಿಂಡೋ ಇರುವ ಪ್ರೋಗ್ರಾಂ ಅಂಗಡಿಯವನ ಹಾಗೆ. ಬೆಳಿಗ್ಗೆ ಸಾಮಾನು ಜೋಡಿಸಿ ಗಲ್ಲಾ ಮುಂದೆ ಕೂತರೆ ಮುಗಿಯಿತು. ಗಿರಾಕಿ ಯಾವಾಗ ಬರುತ್ತಾನೆ, ಮೊದಲು ಏನು ಕೇಳುತ್ತಾನೆ, ಅದು ಅವನ ಇಷ್ಟ. ಹೀಗೆ ಕಾಯುತ್ತಾ ಕೂರುವುದಕ್ಕೇ ಈವೆಂಟ್ ಲೂಪ್ ಅನ್ನುತ್ತಾರೆ.

ಈಗ ಹೊಸದಾಗಿ ಕಲಿಯೋರಿಗೆ ಎಂಎಫ್‌ಸಿ ಬೇಡ ಅನ್ನೋದು ನನ್ನ ಅಭಿಪ್ರಾಯ. ಹಳೇ ಸಾಫ್ಟ್‌ವೇರ್ ನೋಡಿಕೊಳ್ಳುವ ಕೆಲಸ ಸಿಕ್ಕಿದರೆ ಆಗ ಕಲಿತರಾಯಿತು. ಕ್ಯೂಟಿ ಅನ್ನೋ ಲೈಬ್ರರಿ ಹಿಡಿಯಿರಿ. ಬರೆಯೋದು ಕ್ಯೂಟಿ, ಓದೋದು ಕ್ಯೂಟ್. ನಾರ್ವೆಯ ಇಬ್ಬರು ಶುರು ಮಾಡಿದ್ದು, 1995ರಲ್ಲಿ ಎಲ್ಲರ ಕೈಗೆ ಬಂತು. ನೀವು ಸಿನಿಮಾ ನೋಡುವ ವಿಎಲ್‌ಸಿ ಪ್ಲೇಯರ್ ಇದೆಯಲ್ಲ, ವಿಂಡೋಸ್, ಲಿನಕ್ಸ್ ಕಂಪ್ಯೂಟರಿನಲ್ಲಿ ಅದರ ವಿಂಡೋ ಇದರಲ್ಲೇ ಮಾಡಿದ್ದು. ಒಂದೇ ಕೋಡ್ ವಿಂಡೋಸ್, ಲಿನಕ್ಸ್ ಎರಡರಲ್ಲೂ ಕಂಪೈಲ್ ಆಗುತ್ತದೆ. ಕಲಿಯೋದಕ್ಕೆ ಉಚಿತ ಆವೃತ್ತಿ ಸಾಕು.

ನಾನು ಮೊದಲು ಬರೆದದ್ದು ಅಮ್ಮನಿಗೆ. ಅವರ ಸ್ತ್ರೀಶಕ್ತಿ ಸಂಘದಲ್ಲಿ ಸಾಲದ ಲೆಕ್ಕ ಅವರದ್ದೇ. ನೂರಕ್ಕೆ 2 ರೂಪಾಯಿ ಬಡ್ಡಿ, ಅಂದರೆ 10,000 ಸಾಲಕ್ಕೆ ತಿಂಗಳಿಗೆ 200, ಏಳು ತಿಂಗಳಿಗೆ 1,400. ಇಷ್ಟೇ ಲೆಕ್ಕ. ನೀವೂ ಇಂಥದ್ದನ್ನೇ ಆರಿಸಿಕೊಳ್ಳಿ. ಲೆಕ್ಕ ಸುಲಭ ಇದ್ದರೆ ಗಮನವೆಲ್ಲ ವಿಂಡೋ ಮೇಲೆ ಇರುತ್ತದೆ.

ಕ್ಯೂಟಿಯಲ್ಲಿ ಮೇನ್ ಕಣ್ಣಿಗೆ ಕಾಣುತ್ತದೆ, ನಾಲ್ಕು ಸಾಲಿನದ್ದು. ಮೊದಲು ಕ್ಯೂಅಪ್ಲಿಕೇಶನ್ ಆಬ್ಜೆಕ್ಟ್. ಇದಕ್ಕಿಂತ ಮುಂಚೆ ಒಂದು ಬಟನ್ ಮಾಡಿದರೂ ಪ್ರೋಗ್ರಾಂ ಬೈದು ನಿಂತುಬಿಡುತ್ತದೆ. ಆಮೇಲೆ ನಿಮ್ಮ ವಿಂಡೋ ಆಬ್ಜೆಕ್ಟ್, ಆಮೇಲೆ ಅದರ ಶೋ ಫಂಕ್ಷನ್, ಕೊನೆಗೆ ಅಪ್ಲಿಕೇಶನ್‌ನ ಎಕ್ಸೆಕ್. ಗಲ್ಲಾ ಮುಂದೆ ಕೂರುವುದು ಅಂದೆನಲ್ಲ, ಆ ಎಕ್ಸೆಕ್ಕೇ ಅದು. ವಿಂಡೋ ಮುಚ್ಚುವ ತನಕ ಅಲ್ಲಿಂದ ಏಳುವುದಿಲ್ಲ.

ನಿಮ್ಮ ವಿಂಡೋ ಕ್ಲಾಸ್ ಕ್ಯೂವಿಜೆಟ್‌ನಿಂದ ಹುಟ್ಟಬೇಕು. ಅದಕ್ಕೆ ಬೇರೆಯೇ ಹೆಡರ್ ಫೈಲ್ ಮಾಡಿ. ಎಲ್ಲವನ್ನೂ ಮೇನ್ ಫೈಲಿನಲ್ಲೇ ತುರುಕಿದರೆ ವಿಟೇಬಲ್ (ವರ್ಚುವಲ್ ಫಂಕ್ಷನ್‌ಗಳ ಪಟ್ಟಿ) ಸಿಗುತ್ತಿಲ್ಲ ಅಂತ ವಿಚಿತ್ರ ಎರರ್ ಬಂದು ಅರ್ಧ ದಿನ ತಿನ್ನಬಹುದು. ಕನ್‌ಸ್ಟ್ರಕ್ಟರ್ ಒಳಗೆ ಅಸಲು, ಬಡ್ಡಿ, ತಿಂಗಳು ಟೈಪ್ ಮಾಡಲು ಮೂರು ಕ್ಯೂಲೈನ್‌ಎಡಿಟ್, ಒಂದು ಕ್ಯೂಪುಶ್‌ಬಟನ್, ಉತ್ತರ ತೋರಿಸಲು ಒಂದು ಕ್ಯೂಲೇಬಲ್. ಎಲ್ಲವನ್ನೂ ಕ್ಯೂಫಾರ್ಮ್‌ಲೇಔಟ್‌ಗೆ ಸೇರಿಸಿ. ಎಷ್ಟು ಪಿಕ್ಸೆಲ್ ಎಡಕ್ಕೆ, ಎಷ್ಟು ಮೇಲಕ್ಕೆ ಅಂತ ಕೂತು ಅಳೆಯಬೇಡಿ. ಲೇಔಟ್ ನೋಡಿಕೊಳ್ಳುತ್ತದೆ.

ಇನ್ನು ಕನೆಕ್ಟ್. ಬಟನ್ ಒತ್ತಿದಾಗ ಅದು ಕ್ಲಿಕ್ಡ್ ಅನ್ನೋ ಸಿಗ್ನಲ್ ಕೊಡುತ್ತದೆ. ಆ ಸಿಗ್ನಲ್ ಬಂದರೆ ನನ್ನ ಲೆಕ್ಕದ ಫಂಕ್ಷನ್ ಕರಿ ಅಂತ ಒಂದೇ ಸಾಲಿನಲ್ಲಿ ಹೇಳಿಡಬೇಕು. ಹಾಗೆ ಕರೆಸಿಕೊಳ್ಳುವ ಫಂಕ್ಷನ್‌ಗೆ ಸ್ಲಾಟ್ ಅಂತ ಹೆಸರು. ಬಟನ್‌ಗೆ ಬಡ್ಡಿ ಅಂದರೆ ಏನು ಅಂತ ಗೊತ್ತಿರಬೇಕಿಲ್ಲ. ಲೆಕ್ಕಕ್ಕೆ ಬಟನ್ ವಿಷಯ ಬೇಕಿಲ್ಲ. ನನಗೆ ಕ್ಯೂಟಿಯಲ್ಲಿ ಜಾಸ್ತಿ ಇಷ್ಟವಾದದ್ದು ಇದೇ. ಒಂದು ಎಚ್ಚರ: ಸ್ಲಾಟ್ ಒಳಗೆ ನಿಮಿಷಗಟ್ಟಲೆ ಓಡುವ ಲೂಪ್ ಹಾಕಬೇಡಿ. ಅಂಗಡಿಯವನು ಮೂಟೆ ಎಣಿಸಲು ಉಗ್ರಾಣದೊಳಗೆ ಹೋದರೆ ಹೊರಗಿನ ಗಿರಾಕಿಯನ್ನು ಕೇಳೋರಿಲ್ಲ, ಅಲ್ವಾ? ವಿಂಡೋ ಬಿಳಿಚಿಕೊಂಡು ನಿಲ್ಲುತ್ತದೆ.

ನನ್ನ ಪ್ರೋಗ್ರಾಂ ಮೊದಲ ದಿನ ಚೆನ್ನಾಗೇ ಓಡಿತು, ಮುಚ್ಚುವಾಗ ಮಾತ್ರ ಕ್ರ್ಯಾಶ್ ಆಗುತ್ತಿತ್ತು. ಪ್ರತಿ ಸಲವೂ. ಕಾರಣ ಹೀಗಿತ್ತು. ಕ್ಯೂಟಿಯಲ್ಲಿ ವಿಂಡೋ ಅಪ್ಪ ಅಮ್ಮನ ಹಾಗೆ, ಬಟನ್ ಮಗುವಿನ ಹಾಗೆ. ವಿಂಡೋ ಸತ್ತಾಗ ತನ್ನ ಮಕ್ಕಳನ್ನೆಲ್ಲ ತಾನೇ ಡಿಲೀಟ್ ಮಾಡುತ್ತದೆ. ನಾನು ಮೇನ್‌ನಲ್ಲೇ ಮೊದಲು ಬಟನ್, ಆಮೇಲೆ ವಿಂಡೋ ಅಂತ ಎರಡನ್ನೂ ಸಾಮಾನ್ಯ ವೇರಿಯಬಲ್‌ಗಳಾಗಿ ಬರೆದು, ಬಟನ್ನನ್ನು ವಿಂಡೋಗೆ ಸೇರಿಸಿದ್ದೆ. ಸಿ ಪ್ಲಸ್ ಪ್ಲಸ್ ಕೊನೆಗೆ ಹುಟ್ಟಿದ್ದನ್ನು ಮೊದಲು ಸಾಯಿಸುತ್ತದೆ. ವಿಂಡೋ ಹೋಗುವಾಗ ಬಟನ್ನನ್ನೂ ಡಿಲೀಟ್ ಮಾಡಲು ಹೋಯಿತು, ನ್ಯೂ ಮಾಡಿ ಪಡೆದದ್ದಲ್ಲದ ಆಬ್ಜೆಕ್ಟನ್ನು! ಅವತ್ತಿನಿಂದ ಮಕ್ಕಳನ್ನು ಯಾವಾಗಲೂ ನ್ಯೂ ಹಾಕಿ, ವಿಂಡೋ ಕ್ಲಾಸ್ ಒಳಗೇ ಮಾಡುತ್ತೇನೆ. ಡಿಲೀಟ್ ನಾನು ಬರೆಯೋದೇ ಇಲ್ಲ.

ಅದು ಸರಿಯಾಯಿತು ಅಂತ ಅಮ್ಮನ ಮುಂದೆ ಇಟ್ಟೆ. ಬಡ್ಡಿ ಸೊನ್ನೆ ಬಂತು. ಅವರು 10,000 ಅಂತ ಅಲ್ಪವಿರಾಮ ಹಾಕಿ ಬರೆದಿದ್ದರು. ಯಾರಾದರೂ ಹಾಗೇ ಬರೆಯೋದು. ನಾನು ಮಾತ್ರ ಪರೀಕ್ಷೆ ಮಾಡುವಾಗ ಒಮ್ಮೆಯೂ ಹಾಕಿರಲಿಲ್ಲ. ಕ್ಯೂಸ್ಟ್ರಿಂಗ್‌ನ ಟುಡಬಲ್‌ಗೆ, ಅಂದರೆ ಟೈಪ್ ಮಾಡಿದ್ದನ್ನು ಸಂಖ್ಯೆ ಮಾಡುವ ಫಂಕ್ಷನ್‌ಗೆ, ಅಲ್ಪವಿರಾಮ ಗೊತ್ತಾಗುವುದಿಲ್ಲ, ಸುಮ್ನೆ ಸೊನ್ನೆ ಕೊಡುತ್ತದೆ. ಮೊದಲು ಅಲ್ಪವಿರಾಮ ತೆಗೆದುಹಾಕಿ. ಜೊತೆಗೆ ಆ ಫಂಕ್ಷನ್‌ಗೆ ಒಂದು ಬೂಲ್ ಪಾಯಿಂಟರ್ ಕೊಡಬಹುದು, ಸಂಖ್ಯೆ ಸರಿಯಿತ್ತಾ ಇಲ್ಲವಾ ಅಂತ ಅದರಲ್ಲಿ ಹೇಳುತ್ತದೆ. ಅದನ್ನು ನೋಡದೆ ಲೆಕ್ಕ ಮಾಡಬೇಡಿ.

ಕನ್ನಡದಂಥ ಲಿಪಿಯಲ್ಲಿ ಬರೆಯುವವರಿಗೆ ಬರುವ ತೊಂದರೆ ಒಂದಿದೆ. ಬಟನ್ ಮೇಲೆ "ಲೆಕ್ಕ ಹಾಕು" ಅಂತ ಬರೆದರೆ ಒತ್ತಕ್ಷರ ಸಮೇತ ಸರಿಯಾಗಿಯೇ ಬರುತ್ತದೆ, ಫೈಲನ್ನು ಯುಟಿಎಫ್-8 ಅನ್ನೋ ಅಕ್ಷರ ಸಂಕೇತದಲ್ಲಿ ಉಳಿಸಿದ್ದರೆ ಸಾಕು. ಆದರೆ ನಾನು ಸದಸ್ಯರ ಹೆಸರಿನ ಜಾಗಕ್ಕೆ 12 ಅಕ್ಷರದ ಮಿತಿ ಇಟ್ಟಿದ್ದೆ. ಲಕ್ಷ್ಮೀದೇವಮ್ಮ ಅಂತ ಟೈಪ್ ಮಾಡಿದರೆ "ಲಕ್ಷ್ಮೀದೇವಮ್" ಅಂತ ನಿಂತುಬಿಡುತ್ತಿತ್ತು. ನಮ್ಮ ಕಣ್ಣಿಗೆ ಆ ಹೆಸರಿನಲ್ಲಿ ಐದೇ ಅಕ್ಷರ. ಕ್ಯೂಸ್ಟ್ರಿಂಗ್ ಲೆಕ್ಕದಲ್ಲಿ 13, ಯಾಕಂದರೆ ಗುಣಿತದ ಚಿಹ್ನೆ, ಒತ್ತಿಗೆ ಬೇಕಾದ ಹಲಂತ ಚಿಹ್ನೆ (್) ಎಲ್ಲವನ್ನೂ ಅದು ಬೇರೆ ಬೇರೆ ಎಣಿಸುತ್ತದೆ. ಮಿತಿ ಇಡಲೇಬೇಕಾದರೆ ಧಾರಾಳವಾಗಿ ಇಡಿ.

ಕೊನೆಗೆ, ಕಂಪೈಲ್ ಆದ ಇಎಕ್ಸ್‌ಇ ಫೈಲ್ ಒಂದನ್ನೇ ಪೆನ್‌ಡ್ರೈವ್‌ಗೆ ಹಾಕಿ ಗೆಳೆಯರಿಗೆ ಕೊಡಬೇಡಿ. ಅವರ ಯಂತ್ರದಲ್ಲಿ ಡಿಎಲ್‌ಎಲ್ (ಲೈಬ್ರರಿಯ ಫೈಲ್) ಇಲ್ಲ ಅಂತ ಬರುತ್ತದೆ. ವಿಂಡೋಸ್ ಆದರೆ ಕ್ಯೂಟಿ ಜೊತೆಗೇ ಬರುವ ವಿನ್‌ಡಿಪ್ಲಾಯ್‌ಕ್ಯೂಟಿ ಅನ್ನೋ ಪುಟ್ಟ ಪ್ರೋಗ್ರಾಂ ಅನ್ನು ಆ ಫೈಲಿನ ಮೇಲೆ ಓಡಿಸಿ. ಬೇಕಾದ ಕ್ಯೂಟಿ ಫೈಲ್‌ಗಳನ್ನು ಅದೇ ಫೋಲ್ಡರಿಗೆ ತಂದು ಹಾಕುತ್ತದೆ. ಫೋಲ್ಡರ್ ಪೂರ್ತಿ ಕೊಡಿ. ಕೊಡುವ ಮುಂಚೆ ಕ್ಯೂಟಿ ಇಲ್ಲದ ಒಂದು ಕಂಪ್ಯೂಟರಿನಲ್ಲಿ ಓಡಿಸಿ ನೋಡಿ, ಪಕ್ಕದ ಮನೆಯವರ ಲ್ಯಾಪ್‌ಟಾಪ್ ಆದರೂ ಪರವಾಗಿಲ್ಲ.