ಬೆಳಗ್ಗೆ ಕೆಸುವಿನ ಎಲೆ ತುದಿಯಿಂದ ನೀರು ತೊಟ್ಟಿಕ್ಕುವುದು ಯಾಕೆ?

ಮುಂಬೈ ಹತ್ತಿರದ ಡೊಂಬಿವಲಿಯ ಬಾಲ್ಕನಿಯಲ್ಲಿ ಪತ್ರೊಡೆಗೆಂದು ಬೆಳೆಸಿದ ಕೆಸುವು ಮಳೆಗಾಲದ ಬೆಳಗ್ಗೆ ಹನಿ ಉದುರಿಸುತ್ತದೆ, ಅದು ಇಬ್ಬನಿಯೇ ಎಂದು ಕೇಳಿದ್ದೀರಿ. ಅಲ್ಲ. ಆ ನೀರು ಗಿಡದ ಒಳಗಿನಿಂದಲೇ ಬಂದದ್ದು.

ಹಗಲಲ್ಲಿ ಎಲೆಯ ಸಣ್ಣ ಬಾಯಿಗಳು, ಅಂದರೆ ಪತ್ರರಂಧ್ರಗಳು, ತೆರೆದಿರುತ್ತವೆ. ಆಹಾರ ತಯಾರಿಸಲು ಇಂಗಾಲದ ಡೈಆಕ್ಸೈಡ್ ಒಳಗೆ ಬರಬೇಕು ಅಲ್ವಾ? ಅದೇ ದಾರಿಯಲ್ಲಿ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಇದು ಬಾಷ್ಪವಿಸರ್ಜನೆ. ಬೇರು ಹೀರಿದ ನೀರಿನಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಪಾಲು ಹೀಗೇ ಹೋಗುತ್ತದೆ. ಸುಮ್ನೆ ಪೋಲಾಗುತ್ತದೆ ಅನ್ನಬೇಡಿ. ಈ ಸೆಳೆತದಿಂದಲೇ ತೆಂಗಿನ ಮರದ ತುದಿಗೂ ನೀರು ಏರುತ್ತದೆ. ಬಿಸಿಲಲ್ಲಿ ಎಲೆ ತಂಪಾಗುವುದೂ ಇದರಿಂದಲೇ. ನನಗಂತೂ ಇದು ಇಂದಿಗೂ ಬೆರಗು.

ರಾತ್ರಿಯ ಕತೆ ಬೇರೆ. ರಂಧ್ರಗಳು ಬಹುಪಾಲು ಮುಚ್ಚಿರುತ್ತವೆ. ಮುಂಬೈ ಮಳೆಗಾಲದ ಗಾಳಿಯಲ್ಲಿ ಮೊದಲೇ ತೇವ ತುಂಬಿರುತ್ತದೆ, ಆವಿ ಹೋಗುವುದು ತೀರಾ ಕಡಿಮೆ. ಆದರೆ ಒದ್ದೆ ಮಣ್ಣಿನಿಂದ ಬೇರು ನೀರು ಎಳೆಯುತ್ತಲೇ ಇರುತ್ತದೆ. ಒಳಗೆ ಒತ್ತಡ ಏರಿ, ಎಲೆಯ ತುದಿಯಲ್ಲಿರುವ ಬೇರೆ ರಂಧ್ರಗಳಿಂದ ನೀರು ಹನಿಯಾಗಿ ಹೊರಬರುತ್ತದೆ. ಇದಕ್ಕೆ ಗಟೇಶನ್ ಎನ್ನುತ್ತಾರೆ. ಇಬ್ಬನಿಯಾದರೆ ಎಲೆಯ ಮೈಮೇಲೆಲ್ಲ ಕೂರುತ್ತದೆ. ಇದು ತುದಿ, ಅಂಚಿನಲ್ಲಷ್ಟೇ. ಹನಿಯಲ್ಲಿ ಲವಣಗಳೂ ಇರುವುದರಿಂದ ಒಣಗಿದಾಗ ಕೆಲವೊಮ್ಮೆ ಬಿಳಿ ಕಲೆ ಉಳಿಯುತ್ತದೆ.

ಇದು ರೋಗವಲ್ಲ, ಹೆದರಬೇಡಿ. ಕೆಸುವಿಗೆ ಒದ್ದೆ ನೆಲವೇ ಇಷ್ಟ. ಆದರೆ ಪಕ್ಕದ ಕುಂಡದಲ್ಲಿ ತುಳಸಿ ಇದ್ದರೆ ಅದಕ್ಕೂ ಅಷ್ಟೇ ನೀರು ಹಾಕಬೇಡಿ, ಬೇರು ಕೊಳೆಯುತ್ತದೆ.