ಜಪಾನಿನ ಸೂಪರ್ ಮಾರ್ಕೆಟ್ಟಿನಲ್ಲಿ ದಿನಸಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪ್ರಶ್ನೆಗಳೆಲ್ಲ ಜಪಾನಿನಲ್ಲಿ ನೆಲೆಸಿರುವ ಅಥವಾ ಅಲ್ಲಿಗೆ ಹೊರಟಿರುವ ಕನ್ನಡಿಗರವು. ಜಪಾನಿ ಹೆಸರುಗಳನ್ನು ಉಚ್ಚಾರದಂತೆ ಕೊಟ್ಟಿದ್ದೇವೆ. ಅವುಗಳ ಜಪಾನಿ ಬರಹವನ್ನು ಫೋನಿನಲ್ಲಿ ಉಳಿಸಿಕೊಂಡು ಅಂಗಡಿಗೆ ಹೋದರೆ ಪೊಟ್ಟಣದ ಮೇಲಿನ ಅಕ್ಷರಗಳ ಜೊತೆ ತಾಳೆ ನೋಡಬಹುದು.

ಪ್ರಶ್ನೆ: ನಾವು ಸಸ್ಯಾಹಾರಿಗಳು, ಯೊಕೊಹಾಮಾಕ್ಕೆ ಹೊಸಬರು. ಅನುವಾದ ಮಾಡುವ ಫೋನಿನ ಕ್ಯಾಮೆರಾಕ್ಕೆ ಪೊಟ್ಟಣ ಹಿಡಿದಾಗ ‘ಮಾಂಸ’, ‘ಮೀನು’ ಎಂದು ಬರದಿದ್ದರೆ ಧೈರ್ಯವಾಗಿ ಕೊಳ್ಳಬಹುದೇ?

ಉತ್ತರ: ಬೇಡಿ. ಅಲ್ಲಿ ಸಸ್ಯಾಹಾರಿಗಳನ್ನು ಕಾಡುವುದು ಕಣ್ಣಿಗೆ ಕಾಣುವ ಮಾಂಸವಲ್ಲ, ದಾಶಿ. ಕತ್ಸುಒ ಎಂಬ ಮೀನನ್ನು ಬೇಯಿಸಿ, ಹೊಗೆಯಲ್ಲಿ ಒಣಗಿಸಿ, ಹೆರೆದು ತೆಗೆದ ರಸ ಅದು. ನಿಬೊಶಿ ಎಂಬ ಒಣ ಪುಟ್ಟಮೀನಿನಿಂದಲೂ ಮಾಡುತ್ತಾರೆ. ಕ್ಯಾಮೆರಾ ಅದನ್ನು ‘ಸೂಪಿನ ಸಾರ’ ಎಂದಷ್ಟೇ ತೋರಿಸಿ ಸುಮ್ಮನಾಗುತ್ತದೆ.

ನೋಡಬೇಕಾದ್ದು ಪೊಟ್ಟಣದ ಹಿಂದಿನ ಚೌಕಟ್ಟು. ಅದರಲ್ಲಿ ‘ಗೆನ್‌ಜಾಯ್‌ರ್ಯೋಮೇಯ್’ ಎಂದಿರುವ ಸಾಲೇ ಸಾಮಗ್ರಿಗಳ ಪಟ್ಟಿ. ತೂಕದಲ್ಲಿ ಹೆಚ್ಚಿರುವುದು ಮೊದಲು ಬರುತ್ತದೆ; ಓರೆಗೆರೆಯ ನಂತರದ್ದು ಬಣ್ಣ, ರುಚಿ, ಹದಕ್ಕೆ ಹಾಕಿದ ಸೇರ್ಪಡೆಗಳು. ಅಲ್ಲಿ ಕತ್ಸುಒ, ನಿಬೊಶಿ, ಗ್ಯೊಕಾಯ್ ಇದ್ದರೆ ಮೀನು ಅಥವಾ ಚಿಪ್ಪಿನ ಜೀವಿ. ರಾಡೊ ಎಂದರೆ ಹಂದಿಯ ಕೊಬ್ಬು, ಗ್ಯೂಶಿ ಎಂದರೆ ದನದ ಕೊಬ್ಬು. ಜೆರಾಚಿನ್ ಎಂದರೆ ಜೆಲಟಿನ್, ಪ್ರಾಣಿಯ ಚರ್ಮ, ಮೂಳೆಯಿಂದ ತೆಗೆದದ್ದು. ‘ಎಕಿಸು’ ಎಂದಿದ್ದರೆ ಅದರ ಹಿಂದಿನ ಪದ ನೋಡಿ: ಪೋಕು, ಚಿಕಿನ್, ಬೀಫು ಇದ್ದರೆ ಪೊಟ್ಟಣ ಕೆಳಗಿಡಿ, ಕೋಬೊ ಎಕಿಸು ಯೀಸ್ಟಿನದು, ಕೊಂಬು ಎಕಿಸು ಕಡಲಪಾಚಿಯದು, ಇವೆರಡೂ ಆದೀತು. ದನ ಎಂಬುದರ ಅಕ್ಷರ ಕಂಡ ಕೂಡಲೇ ಬೆಚ್ಚಬೇಕಿಲ್ಲ. ಹಾಲಿನ ಹೆಸರಾದ ‘ಗ್ಯೂನ್ಯೂ’ದಲ್ಲೂ ಮೊದಲ ಅಕ್ಷರ ಅದೇ. ಸೇರ್ಪಡೆಗಳಲ್ಲಿ ಬರುವ ನ್ಯೂಕಾಜಾಯ್ ಎಣ್ಣೆ-ನೀರು ಬೆರೆಯಲು ಹಾಕುವಂಥದ್ದು. ಸಸ್ಯದ್ದೂ ಇರಬಹುದು, ಪ್ರಾಣಿಯದ್ದೂ ಇರಬಹುದು. ‘ದಾಯ್ಜು ಯುರಾಯ್’ ಎಂದು ಜೊತೆಗಿದ್ದರೆ ಸೋಯಾದ್ದು.

ಅಲರ್ಜಿಯ ಸಾಲನ್ನು ನಂಬಿ ಕೊಳ್ಳುವವರು ಬಹಳ, ಎಡವುವುದೂ ಅಲ್ಲೇ. ಮೊಟ್ಟೆ, ಹಾಲು, ಗೋಧಿ, ಸೀಗಡಿ, ಏಡಿ ಮೊದಲಾದವನ್ನು ಅಲ್ಲಿ ಬರೆಯಲೇಬೇಕು. ಕೋಳಿ, ಹಂದಿ, ಜೆಲಟಿನ್‌ಗಳನ್ನು ಬರೆದರೆ ಒಳ್ಳೆಯದು ಎಂಬ ಶಿಫಾರಸು ಮಾತ್ರ ಇದೆ. ಕತ್ಸುಒ ಕಡ್ಡಾಯದ ಪಟ್ಟಿಯಲ್ಲೇ ಇಲ್ಲ. ಹಾಗಾಗಿ ಆ ಸಾಲು ಖಾಲಿ ಇದ್ದ ಮಾತ್ರಕ್ಕೆ ಅದು ಸಸ್ಯಾಹಾರ ಎಂದಾಗದು. ಇದಕ್ಕೆ ತಿರುಗುಮುರುಗಾಗಿ, ‘ಇದೇ ಕಾರ್ಖಾನೆಯಲ್ಲಿ ಸೀಗಡಿ, ಏಡಿ ಬಳಸಿದ ತಿನಿಸನ್ನೂ ತಯಾರಿಸುತ್ತೇವೆ’ ಎಂಬ ಮಾತು ಚೌಕಟ್ಟಿನ ಹೊರಗಿರುತ್ತದೆ. ಅದು ಅಲರ್ಜಿ ಇರುವವರಿಗೆ ಎಚ್ಚರಿಕೆ, ಒಳಗಿನ ಸಾಮಗ್ರಿಯಲ್ಲ.

ದಾಶಿ, ಮಾಂಸದ ಸತ್ವ ಹೆಚ್ಚಾಗಿ ಅಡಗಿರುವ ಜಾಗಗಳನ್ನು ಹೇಳಿಬಿಡುತ್ತೇವೆ. ಚಾಕೊಲೇಟ್ ಅಚ್ಚಿನಂತಿರುವ ಕರೀ ರೂ (ಜಪಾನಿ ಕರಿಗೆ ಕರಗಿಸುವ ಮಸಾಲೆ) ಪೊಟ್ಟಣದ ಮೇಲೆ ತರಕಾರಿ ಚಿತ್ರವಿದ್ದರೂ ಒಳಗೆ ಪ್ರಾಣಿಯ ಕೊಬ್ಬು ಇರುವುದು ಸಾಮಾನ್ಯ. ಇನ್‌ಸ್ಟಂಟ್ ನೂಡಲ್ಸ್ ಬಹುಪಾಲು ಎಲ್ಲವೂ ಹಾಗೆಯೇ. ಮೆನ್‌ತ್ಸುಯು (ನೂಡಲ್ಸಿಗೆ ಹಾಕುವ ಸಾಸ್) ಬಾಟಲಿ, ಬಹಳಷ್ಟು ಪೊಂಜು (ಹುಳಿಹಣ್ಣಿನ ರಸದ ಸಾಸ್), ಅನ್ನಕ್ಕೆ ಉದುರಿಸುವ ಫುರಿಕಾಕೆ, ಕಿಮ್‌ಚಿ, ಕಾನ್‌ಸೊಮೆ (ಮಾಂಸದ ತಿಳಿಸಾರು) ರುಚಿಯ ಚಿಪ್ಸ್ ಇದೇ ಸಾಲಿನವು. ಮಿಸೊ (ಹುದುಗಿಸಿದ ಸೋಯಾ ಮುದ್ದೆ) ಕೊಳ್ಳುವಾಗ ‘ದಾಶಿ ಇರಿ’, ಅಂದರೆ ದಾಶಿ ಸೇರಿಸಿದ್ದು, ಎಂದು ಬರೆದಿದ್ದರೆ ಬಿಡಿ. ಸೋಯಾ, ಅಕ್ಕಿ, ಉಪ್ಪು ಇಷ್ಟೇ ಇರುವ ಮಿಸೊ ಪಕ್ಕದಲ್ಲೇ ಇರುತ್ತದೆ. ನಾತ್ತೊ ಬರೀ ಹುದುಗಿಸಿದ ಸೋಯಾ ಕಾಳು, ಆದರೆ ಡಬ್ಬಿಯೊಳಗಿನ ಸಣ್ಣ ಸಾಸ್ ಪೊಟ್ಟಣದಲ್ಲಿ ಸಾಮಾನ್ಯವಾಗಿ ಕತ್ಸುಒ ಇರುತ್ತದೆ. ಅದನ್ನು ಎಸೆದು ಸೋಯಾ ಸಾಸ್ ಹಾಕಿಕೊಳ್ಳಿ. ಮೊಟ್ಟೆಯ ‘ತಮಾಗೊ ದೋಫು’ ಹೆಸರಿಗಷ್ಟೇ ತೋಫು.

ಸಾದಾ ತೋಫು, ‘ಮುಚೋಸೇಯ್’ (ಏನೂ ಬೆರೆಸದ್ದು) ಎಂದಿರುವ ಸೋಯಾ ಹಾಲು, ಒಣ ಶಿಯಿತಾಕೆ ಅಣಬೆ, ಕೊಂಬು, ಜೆಲಟಿನ್ ಬದಲಿಗೆ ಬರುವ ಕಾನ್‌ತೆನ್ ಇವಕ್ಕೆ ಚಿಂತೆಯಿಲ್ಲ. ಪನೀರಿನಂತೆ ಹುರಿದು ಪಲ್ಯಕ್ಕೆ ಹಾಕುವುದಾದರೆ ಗಟ್ಟಿಯಾದ ಮೊಮೆನ್ ತೋಫು ತನ್ನಿ. ಮೆತ್ತನೆಯ ಕಿನುಗೊಶಿ ಸೌಟು ಆಡಿಸಿದರೆ ಪುಡಿಯಾಗುತ್ತದೆ.

ಪ್ರಶ್ನೆ: ಅಲ್ಲಿ ಕೊಂಡ ಹಾಲಿಗೆ ಹೆಪ್ಪು ಹಾಕಿದರೆ ಒಮ್ಮೆ ಮೊಸರಾಗುತ್ತದೆ, ಒಮ್ಮೆ ನೀರುನೀರು, ಒಮ್ಮೆ ಲೋಳೆ. ಏಕೆ?

ಉತ್ತರ: ಮೂರಕ್ಕೂ ಕಾರಣ ಬೇರೆ. ಮೊದಲನೆಯದು ಹಾಲು. ಒಂದೇ ಆಕಾರದ ಡಬ್ಬಿಗಳಲ್ಲಿ ಗ್ಯೂನ್ಯೂ, ಕೊಬ್ಬು ಅಥವಾ ಪುಡಿ ಸೇರಿಸಿ ಹದ ಮಾಡಿದ ಕಾಕೋನ್ಯೂ, ಕ್ಯಾಲ್ಸಿಯಂ ಇತ್ಯಾದಿ ಬೆರೆಸಿದ ನ್ಯೂಇನ್‌ರ್ಯೋ ಮೂರೂ ಬರುತ್ತವೆ. ಮೊಸರಿಗೆ ಬೇಕಾದ್ದು ಏನೂ ಬೆರೆಸದ ಗ್ಯೂನ್ಯೂ. ಓದಲು ಬಾರದಿದ್ದರೂ ಗುರುತಿಸಬಹುದು: ಮೇಲ್ಭಾಗ ಗೋಪುರದಂತೆ ಮಡಚಿದ 500 ಮಿ.ಲೀ., 1 ಲೀಟರ್ ಡಬ್ಬಿಗಳ ತುದಿಯಲ್ಲಿ ಅರ್ಧಚಂದ್ರದ ಸಣ್ಣ ಕಚ್ಚು ಇದ್ದರೆ ಅದು ಗ್ಯೂನ್ಯೂ. ಕಣ್ಣು ಕಾಣದವರ ಅನುಕೂಲಕ್ಕೆ ಮಾಡಿದ ಗುರುತು ಅದು. ತೆರೆಯಬೇಕಾದ್ದು ಕಚ್ಚಿನ ಎದುರು ಬದಿ. ಎಲ್ಲ ಕಂಪನಿಗಳೂ ಹಾಕುವುದಿಲ್ಲ, ಆದ್ದರಿಂದ ಕಚ್ಚಿಲ್ಲದ್ದೆಲ್ಲ ಕಲಬೆರಕೆ ಎಂದುಕೊಳ್ಳಬೇಡಿ.

ಎರಡನೆಯದು ಕಾವು. ಪ್ಲೇನ್ ಯೋಗರ್ಟಿನ ಬ್ಯಾಕ್ಟೀರಿಯಾಕ್ಕೆ 40ರಿಂದ 43 ಡಿಗ್ರಿ ಸೆಲ್ಸಿಯಸ್ ಬೇಕು. ಚಳಿಗಾಲದಲ್ಲಿ ಹೀಟರ್ ಆರಿಸಿದ ಅಡುಗೆಮನೆ ರಾತ್ರಿಯಿಡೀ ತಣ್ಣಗಿದ್ದರೆ ಹಾಲು ಹಾಲಾಗಿಯೇ ಉಳಿಯುತ್ತದೆ. ಅರ್ಧ ಲೀಟರ್ ಹಾಲನ್ನು ಕಾಯಿಸಿ, ಬೆರಳು ತಾಳುವಷ್ಟು ಆರಿಸಿ, ಒಂದು ದೊಡ್ಡ ಚಮಚ ಯೋಗರ್ಟ್ ಕದಡಿ, ಬಿಸಿನೀರಿನಲ್ಲಿ ತೊಳೆದ ಥರ್ಮಾಸ್ ಜಾಡಿಗೆ ಹಾಕಿ 6ರಿಂದ 8 ಗಂಟೆ ಬಿಡಿ. ಅಲ್ಲಿನ ಎಷ್ಟೋ ಮೈಕ್ರೋವೇವ್ ಓವನ್‌ಗಳಲ್ಲಿ ‘ಹಕ್ಕೋ’ ಎಂಬ ಗುಂಡಿಯಿರುತ್ತದೆ. ಹಿಟ್ಟು ಹುದುಗಲು ಇಟ್ಟದ್ದು. ಅದನ್ನು 40 ಡಿಗ್ರಿಗೆ ಹಾಕಿದರೆ ಮೊಸರಿಗೂ ಆಯಿತು, ದೋಸೆಹಿಟ್ಟು ಹುಳಿ ಬರಿಸಲು 30 ಡಿಗ್ರಿಯಲ್ಲಿಟ್ಟರೆ ಅದಕ್ಕೂ ಆಯಿತು.

ಲೋಳೆಯಾದದ್ದು ಹೆಪ್ಪಿನ ಗುಣ. ‘ಕಾಸುಪಿ-ಕಾಯ್’ ಯೋಗರ್ಟಿನ ಬ್ಯಾಕ್ಟೀರಿಯಾ 20ರಿಂದ 30 ಡಿಗ್ರಿಯಲ್ಲೇ ಹೆಪ್ಪುಗಟ್ಟಿಸುತ್ತದೆ, ಜೊತೆಗೆ ನೂಲುನೂಲಾಗಿ ಎಳೆಯುತ್ತದೆ. ಕೆಟ್ಟದ್ದಲ್ಲ, ಮಜ್ಜಿಗೆಹುಳಿಗೆ ಮಾತ್ರ ಹೊಂದದು.

ಪ್ರಶ್ನೆ: ಅಕ್ಕಿ ಮತ್ತು ಅಕ್ಕಿಹಿಟ್ಟು ಯಾವುದು ಕೊಳ್ಳಬೇಕು? ಮಗಳು ಅಕ್ಕಿರೊಟ್ಟಿ ಮಾಡಲು ಹೋಗಿ ಹಿಟ್ಟು ಅಂಟಿನಂತಾಯಿತು ಎನ್ನುತ್ತಾಳೆ. (ಹಾಸನದಿಂದ)

ಉತ್ತರ: ಮಗಳು ತಂದದ್ದು ಮೊಚಿಕೊ ಅಥವಾ ಶಿರಾತಮಾಕೊ ಇರಬೇಕು. ಎರಡೂ ಅಂಟಕ್ಕಿಯ ಹಿಟ್ಟು, ಉಂಡೆ ಸಿಹಿಗಳಿಗೆ ಬಳಸುವಂಥವು. ದಾಂಗೊಕೊ ಎರಡು ಬಗೆಯ ಅಕ್ಕಿಯ ಬೆರಕೆ, ಅದೂ ಬೇಡ. ರೊಟ್ಟಿ, ಕಡುಬಿಗೆ ಬೇಕಾದ್ದು ಜೋಶಿನ್‌ಕೊ, ಊಟದ ಅಕ್ಕಿಯನ್ನು ತೊಳೆದು ಒಣಗಿಸಿ ಬೀಸಿದ್ದು. ಕೇಕ್, ಬ್ರೆಡ್ಡಿಗೆಂದು ಮಾರುವ ಕೊಮೆಕೊ ತೀರಾ ನಯ. ಅದರ ರೊಟ್ಟಿ ತಟ್ಟುವಾಗಲೇ ಹರಿಯುತ್ತದೆ. 200 ಗ್ರಾಂ ಜೋಶಿನ್‌ಕೊಗೆ ಉಪ್ಪು ಬೆರೆಸಿ, ಕುದಿಯುವ ನೀರನ್ನು 160 ಮಿ.ಲೀ.ನಿಂದ ಶುರುಮಾಡಿ, ಚಮಚದಲ್ಲಿ ಕಲಸಿ, ಮುಚ್ಚಿ ಹತ್ತು ನಿಮಿಷ ಬಿಡಿ. ನಾದಿದ ಮೇಲೆ ಅಂಚು ಬಿರಿದರೆ ಮಾತ್ರ ಇನ್ನಷ್ಟು ಬಿಸಿನೀರು. ಈರುಳ್ಳಿ, ಸೌತೆಕಾಯಿ ಹಾಕುವುದಾದರೆ ಅವೂ ನೀರು ಬಿಡುತ್ತವೆ, ಮೊದಲೇ ಗಟ್ಟಿಯಾಗಿ ಕಲಸಿ. ತಣ್ಣೀರು ಹಾಕಿ ಕಲಸಿದರೆ ರೊಟ್ಟಿ ಹಂಚಿನ ಮೇಲೆ ಒಡೆಯುತ್ತದೆ.

ಅಕ್ಕಿಯ ವಿಷಯ. ಕೊಶಿಹಿಕಾರಿ, ಅಕಿತಾಕೊಮಾಚಿ, ಹಿತೊಮೆಬೊರೆ ಎಲ್ಲವೂ ಗಿಡ್ಡ ಕಾಳು, ಅಂಟುವ ಗುಣದವು. ಮೊಸರನ್ನ, ಪೊಂಗಲ್, ಬಿಸಿಬೇಳೆ ಬಾತಿಗೆ ಚೆನ್ನ, ಚಿತ್ರಾನ್ನ, ಪಲಾವು ಮುದ್ದೆಯಾಗುತ್ತದೆ, ಇಡ್ಲಿ ಅಂಟಂಟು. ಸೋನಾ ಮಸೂರಿಯಂತೆ ಒಂದಕ್ಕೆ ಎರಡು ನೀರಿಟ್ಟರೆ ಗಂಜಿ. ಅರ್ಧ ಗಂಟೆ ನೆನೆಸಿ, ಒಂದು ಅಳತೆ ಅಕ್ಕಿಗೆ 1.1ರಿಂದ 1.2 ಅಳತೆ ನೀರು ಸಾಕು. ರೈಸ್ ಕುಕ್ಕರಿನ ಬಟ್ಟಲು 180 ಮಿ.ಲೀ., ಅಡುಗೆಯ ಅಳತೆ ಕಪ್ಪು 200 ಮಿ.ಲೀ.; ಇವೆರಡನ್ನು ಅದಲುಬದಲು ಮಾಡಬೇಡಿ. ಚೀಲದ ಮೇಲೆ ‘ಮುಸೆನ್‌ಮಾಯ್’ ಎಂದಿದ್ದರೆ ತೊಳೆಯದೆ ಹಾಕಬಹುದು, ಬಟ್ಟಲಿಗೆ ಒಂದೆರಡು ಚಮಚ ನೀರು ಹೆಚ್ಚು ಬೇಕು. ‘ಗೆನ್‌ಮಾಯ್’ ಪಾಲಿಶ್ ಮಾಡದ್ದು, ‘ಮೊಚಿಗೊಮೆ’ ಅಂಟಕ್ಕಿ. 2025ರಲ್ಲಿ 5 ಕಿಲೋ ಚೀಲ 4000 ಯೆನ್ ದಾಟಿದ್ದರಿಂದ ತಪ್ಪು ಚೀಲ ತಂದರೆ ಕೈ ಸುಡುತ್ತದೆ. ಉದುರು ಅನ್ನಕ್ಕೆ ಬಾಸ್ಮತಿ, ಜೊತೆಗೆ ಉದ್ದಿನಬೇಳೆ, ಕರಿಬೇವು ಬೇಕೆಂದರೆ ಭಾರತೀಯ ಅಂಗಡಿಗೇ ಹೋಗಬೇಕು. ಟೋಕಿಯೊದಲ್ಲಿ ನಿಶಿ-ಕಸಾಯ್, ಶಿನ್-ಒಕುಬೊ ಕಡೆ ಸಿಗುತ್ತವೆ.

ಪ್ರಶ್ನೆ: ಎಳ್ಳೆಣ್ಣೆಯಲ್ಲಿ ಒಗ್ಗರಣೆ ಹಾಕಿದರೆ ಸಾರೆಲ್ಲ ಹುರಿದ ಎಳ್ಳಿನ ವಾಸನೆ. ಬೇರೆ ಎಣ್ಣೆ ಯಾವುದು? ಬೆಲ್ಲಕ್ಕೇನು ಮಾಡಲಿ?

ಉತ್ತರ: ಕಂದು ಬಣ್ಣದ ಗೊಮಾ-ಅಬುರಾ ಎಳ್ಳನ್ನು ಚೆನ್ನಾಗಿ ಹುರಿದು ಹಿಂಡಿದ್ದು, ಕೊನೆಗೆ ಎರಡು ತೊಟ್ಟು ಹಾಕುವ ಎಣ್ಣೆ. ಎಳ್ಳಿನದೇ ಬೇಕೆಂದರೆ ಹುರಿಯದ ‘ತಾಯ್‌ಹಾಕು’ ಕೇಳಿ, ನೀರಿನಂತೆ ತಿಳಿ. ದಿನದ ಅಡುಗೆಗೆ ಕೊಮೆ-ಅಬುರಾ, ಅಂದರೆ ತವುಡಿನ ಎಣ್ಣೆ, ನಮ್ಮ ಒಗ್ಗರಣೆಗೆ ಸರಿ. ಒಣ ಮೆಣಸಿನಕಾಯಿಗೆ ‘ತಾಕಾನೊತ್ಸುಮೆ’. ಬ್ಯಾಡಗಿಗಿಂತ ಖಾರ ಜಾಸ್ತಿ, ಬಣ್ಣ ಕಡಿಮೆ, ಅರ್ಧದಷ್ಟೇ ಹಾಕಿ. ಬೆಲ್ಲದ ಬದಲು ಒಕಿನಾವಾದ ಕುರೊಜಾತೊ ಒಳ್ಳೆಯದು, ಕಬ್ಬಿನ ಹಾಲು ಕಾಯಿಸಿದ್ದೇ. ‘ಕಾಕೋ ಕುರೊಜಾತೊ’ ಎಂದಿದ್ದರೆ ಬೇರೆ ಸಕ್ಕರೆ, ಕಾಕಂಬಿ ಬೆರೆಸಿದ್ದು. ತುಪ್ಪ ಕಾಯಿಸಲು ‘ಶೊಕುಎನ್ ಫುಶಿಯೊ’ ಎಂದಿರುವ ಉಪ್ಪಿಲ್ಲದ ಬೆಣ್ಣೆಯೇ ಬೇಕು.

ಪ್ರಶ್ನೆ: ನಮ್ಮ ತರಕಾರಿ ಸಿಗುತ್ತವೆಯೇ?

ಉತ್ತರ: ಬೆಂಡೆಗೆ ‘ಒಕುರಾ’, ಹಾಗಲಕ್ಕೆ ‘ಗೋಯಾ’, ಕೆಸುವಿನ ಗೆಡ್ಡೆಗೆ ‘ಸಾತೊಇಮೊ’, ತಾವರೆ ಬೇರಿಗೆ ‘ರೆನ್‌ಕೊನ್’. ದಾಯ್‌ಕೊನ್ ಮೂಲಂಗಿ ನಮ್ಮದಕ್ಕಿಂತ ನೀರು ಹೆಚ್ಚು ಬಿಡುತ್ತದೆ, ಹುಳಿಗೆ ದಪ್ಪ ಹೋಳು ಮಾಡಿ. ಶಿಶಿತೊ ಹಸಿಮೆಣಸಿನಂತೆ ಕಂಡರೂ ಖಾರವಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಕಾಯಿ ಮಾತ್ರ ಚುರುಕ್ಕೆನ್ನಿಸುತ್ತದೆ. ಖಾರಕ್ಕೆ ‘ಆವೊ-ತೋಗಾರಾಶಿ’ ನೋಡಿ. ಕೊತ್ತಂಬರಿ ‘ಪಾಕುಚೀ’ ಎಂಬ ಹೆಸರಲ್ಲಿ ನಾಲ್ಕು ಕಡ್ಡಿಗೆ ದುಬಾರಿ ಬೆಲೆ. ಬೂದು ಬಣ್ಣದ ಕೊನ್ನ್ಯಾಕು ಕಂಡು ಮಾಂಸವೆಂದು ದೂರ ಸರಿಯುವವರಿದ್ದಾರೆ; ಅದು ಸುವರ್ಣಗೆಡ್ಡೆಯ ದಾಯಾದಿ ಗೆಡ್ಡೆಯಿಂದ ಮಾಡಿದ್ದು. ಎರಡು ಮೂರು ನಿಮಿಷ ಕುದಿಸಿ ನೀರು ಚೆಲ್ಲಿದರೆ ವಾಸನೆ ಹೋಗುತ್ತದೆ.

ಪ್ರಶ್ನೆ: ಪೊಟ್ಟಣದ ಮೇಲೆ 26.3.5 ಎಂದಿದೆ. ಹಳಸಿದ್ದೇ? ಬೆಲೆಚೀಟಿಯಲ್ಲಿ ಎರಡು ಬೆಲೆ ಯಾಕೆ?

ಉತ್ತರ: ಜಪಾನಿನಲ್ಲಿ ವರ್ಷ ಮೊದಲು. ಅದು 2026ರ ಮಾರ್ಚ್ 5. ಸಂಖ್ಯೆಯ ಮುಂದೆ ‘ಶೋಹಿ ಕಿಗೆನ್’ ಇದ್ದರೆ ಆ ದಿನದೊಳಗೆ ತಿಂದು ಮುಗಿಸಬೇಕು: ಪೆಟ್ಟಿಗೆ ಊಟ, ಸ್ಯಾಂಡ್‌ವಿಚ್ ಇಂಥವು. ‘ಶೋಮಿ ಕಿಗೆನ್’ ಇದ್ದರೆ ಆವರೆಗೆ ರುಚಿ ಚೆನ್ನಾಗಿರುತ್ತದೆ ಎಂದಷ್ಟೇ. ಮೊಟ್ಟೆಯ ಮೇಲಿನದು ಹಸಿಯಾಗಿ ತಿನ್ನಲು ಕೊಟ್ಟ ಗಡುವು; ದಾಟಿದ ಮೇಲೆ ಪೂರ್ತಿ ಬೇಯಿಸಿ. ಎಲ್ಲವೂ ತೆರೆಯದ ಪೊಟ್ಟಣದ ಲೆಕ್ಕ.

ಬೆಲೆಯಲ್ಲಿ ದಪ್ಪಕ್ಷರದ್ದು ಸಾಮಾನ್ಯವಾಗಿ ತೆರಿಗೆ ಬಿಟ್ಟದ್ದು, ಪಕ್ಕದ ಸಣ್ಣದು ತೆರಿಗೆ ಸೇರಿದ್ದು. 2019ರ ಅಕ್ಟೋಬರ್‌ನಿಂದ ಆಹಾರಕ್ಕೆ ಶೇ. 8, ಸೋಪು, ಮದ್ಯ ಮೊದಲಾದವಕ್ಕೆ ಶೇ. 10. ಹೊನ್-ಮಿರಿನ್ (ಅಕ್ಕಿಯಿಂದ ಮಾಡಿದ ಸಿಹಿ ಮದ್ಯ) ಅಡುಗೆಯದ್ದಾದರೂ ಸುಮಾರು ಶೇ. 14 ಮದ್ಯಸಾರವಿರುವುದರಿಂದ ಶೇ. 10ಕ್ಕೆ ಬೀಳುತ್ತದೆ, ಕೌಂಟರಿನಲ್ಲಿ 20 ವರ್ಷ ತುಂಬಿದೆಯೇ ಎಂದೂ ಕೇಳುತ್ತಾರೆ. ಅದರ ರುಚಿಯನ್ನಷ್ಟೇ ಹೋಲುವ ‘ಮಿರಿನ್-ಫೂ’ಗೆ ಈ ಗೋಜಿಲ್ಲ. ಸಂಜೆ ಹೊತ್ತಿಗೆ ಕರಿದ ತಿನಿಸು, ಪೆಟ್ಟಿಗೆ ಊಟದ ಮೇಲೆ ಶೇ. 10, 20, 30ರ ರಿಯಾಯಿತಿ ಚೀಟಿ ಅಂಟಿಸುತ್ತಾ ಹೋಗುತ್ತಾರೆ. ‘ಹಾಂಗಾಕು’ ಎಂದರೆ ಅರ್ಧ ಬೆಲೆ, ಅದು ಬಾಗಿಲು ಹಾಕುವ ಹೊತ್ತಿಗೆ.

ಪ್ರಶ್ನೆ: ದುಡ್ಡು ಕೊಡುವಾಗ ಏನೇನೋ ಕೇಳುತ್ತಾರೆ. ಏನು ಹೇಳಬೇಕು?

ಉತ್ತರ: ಪಾಯಿಂಟ್ ಕಾರ್ಡ್ ಇದೆಯೇ, ಚೀಲ ಬೇಕೇ ಎಂದು. ಬೇಡವಾದರೆ ‘ದಾಯ್‌ಜೋಬು ದೆಸ್’, ಬೇಕಾದರೆ ‘ಒನೆಗಾಯ್‌ಶಿಮಾಸ್’. 2020ರ ಜುಲೈಯಿಂದ ಪ್ಲಾಸ್ಟಿಕ್ ಚೀಲಕ್ಕೆ ಹಣ ಕೊಡಬೇಕು. ಕೆಲವು ಅಂಗಡಿಗಳಲ್ಲಿ ಸಿಬ್ಬಂದಿ ಸ್ಕ್ಯಾನ್ ಮಾಡಿ ‘3ನೇ ಯಂತ್ರ’ ಎಂದು ತೋರಿಸುತ್ತಾರೆ, ಹಣ ನಾವೇ ಯಂತ್ರಕ್ಕೆ ಹಾಕುವುದು. ಅಗ್ಗದ ಕೆಲವು ಅಂಗಡಿಗಳು ನಗದು ಮಾತ್ರ ತೆಗೆದುಕೊಳ್ಳುತ್ತವೆ. ಚೀಲಕ್ಕೆ ತುಂಬುವ ಕೆಲಸ ಕೌಂಟರಿನಲ್ಲಿ ಮಾಡಬೇಡಿ, ಹಿಂದೆ ಸಾಲು ನಿಂತಿರುತ್ತದೆ. ಆಚೆಗಿರುವ ಉದ್ದನೆಯ ಮೇಜಿಗೆ ಬುಟ್ಟಿ ಒಯ್ಯಿರಿ. ಅಲ್ಲಿ ತೆಳು ಪ್ಲಾಸ್ಟಿಕ್ ಸುರುಳಿ, ಅದನ್ನು ಬಿಡಿಸಲು ಬೆರಳು ಒದ್ದೆ ಮಾಡಿಕೊಳ್ಳುವ ಒದ್ದೆ ಬಟ್ಟೆ, ಎಷ್ಟೋ ಕಡೆ ಬಿಟ್ಟಿ ಐಸ್ ಇರುತ್ತದೆ. ತೋಫುವನ್ನು ಮಾತ್ರ ತೆಳು ಚೀಲದಲ್ಲಿ ಬೇರೆ ಕಟ್ಟಿ, ಡಬ್ಬಿಯ ಮೇಲಿನ ಹಾಳೆ ಸ್ವಲ್ಪ ಒತ್ತಿದರೂ ನೀರು ಸೋರುತ್ತದೆ.