ಮೊದಲ ಬೈಕ್: 150 ಸಿಸಿ ಸಾಕಾ, 400 ಬೇಕಾ?

ನೀವು ಕೇಳಿದ್ದು ಇಷ್ಟು: ಇದುವರೆಗೆ ಗೇರ್ ಗಾಡಿ ಓಡಿಸಿಲ್ಲ, ಎತ್ತರ ಐದಡಿ ನಾಲ್ಕಿಂಚು. ನಿಮಗೆ 150 ಸಿಸಿ ಮೇಲೆ ಮನಸ್ಸಿದೆ. ಸ್ನೇಹಿತರು ಮಾತ್ರ "ಚಿಕ್ಕದು ಆರು ತಿಂಗಳಿಗೆ ಬೇಜಾರಾಗುತ್ತೆ, ಸೀದಾ 400 ತಗೋ" ಅಂತಿದ್ದಾರೆ. ನನ್ನ ಉತ್ತರ 150. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಈ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೇನೆ.

ನನ್ನ ಮೊದಲ ಬೈಕ್ ನನ್ನ ಕಾಲಿಗೆ ಎತ್ತರವಾಗಿತ್ತು, ತೂಕ 180 ಕೆಜಿಗೂ ಜಾಸ್ತಿ. ಓಡುವಾಗ ಏನೂ ತೊಂದರೆ ಇರಲಿಲ್ಲ. ಮೂರನೇ ವಾರ ಒಂದು ಸಿಗ್ನಲ್‌ನಲ್ಲಿ ನಿಲ್ಲಿಸಿ ಎಡಗಾಲು ಕೆಳಗಿಟ್ಟೆ. ಅಲ್ಲಿ ರಸ್ತೆ ಸ್ವಲ್ಪ ತಗ್ಗಾಗಿತ್ತು. ಬೆರಳ ತುದಿ ನೆಲಕ್ಕೆ ತಾಗುವಷ್ಟರಲ್ಲಿ ಗಾಡಿ ವಾಲಿಬಿಟ್ಟಿತ್ತು. ಒಮ್ಮೆ ಅಷ್ಟು ವಾಲಿದ ಮೇಲೆ ಆ ತೂಕ ಒಂದು ಕಾಲಿಗೆ ನಿಲ್ಲುವುದಿಲ್ಲ. ಕ್ಲಚ್ ಲಿವರ್ ಮುರಿಯಿತು, ಪಾದದ ಕೀಲು ಉಳುಕಿತು. ಉಳುಕು ಬೇಗ ವಾಸಿಯಾಯಿತು. ಗಾಡಿ ನಿಲ್ಲಿಸಬೇಕಾದಾಗಲೆಲ್ಲ ಎದೆ ಹೊಡೆದುಕೊಳ್ಳುವುದು ಮಾತ್ರ ತಿಂಗಳುಗಟ್ಟಲೆ ಹೋಗಲಿಲ್ಲ. ಕೊನೆಗೆ ಸೋದರಮಾವನ ಹಳೆಯ 125 ಇಸಕೊಂಡು ಮತ್ತೆ ಮೊದಲಿಂದ ಕಲಿತೆ.

ಆಗ ಗೊತ್ತಾಗಿದ್ದು ಇದು. ನಾವು ಬೈಕ್ ಆರಿಸುವಾಗ ಅದು ಎಷ್ಟು ಜೋರಾಗಿ ಓಡುತ್ತೆ ಅಂತ ನೋಡುತ್ತೇವೆ. ಹೊಸಬರಿಗೆ ಕಷ್ಟ ಇರುವುದು ನಡಿಗೆಯ ವೇಗದಲ್ಲಿ. ವೇಗದಲ್ಲಿದ್ದಾಗ ಬೈಕ್ ಬಹುಮಟ್ಟಿಗೆ ತಾನೇ ನೆಟ್ಟಗಿರುತ್ತದೆ. ನಿಧಾನವಾದಂತೆ ಆ ಕೆಲಸ ನಿಮ್ಮ ಕೈಕಾಲಿಗೆ ಬರುತ್ತದೆ. ಯೂ ಟರ್ನ್, ಇಳಿಜಾರಲ್ಲಿ ಪಾರ್ಕಿಂಗ್, ಜಲ್ಲಿ ಮೇಲೆ ನಿಲ್ಲಿಸುವುದು, ಟ್ರಾಫಿಕ್‌ನಲ್ಲಿ ಹಾಫ್ ಕ್ಲಚ್‌ನಲ್ಲಿ, ಅಂದರೆ ಕ್ಲಚ್ ಅರ್ಧ ಹಿಡಿದು, ತೆವಳುವುದು, ಎಲ್ಲ ಇಲ್ಲೇ ಬರುತ್ತವೆ.

ಹಾಗಾಗಿ ಅಂಗಡಿಗೆ ಹೋದಾಗ ಇಂಜಿನ್ ಸ್ಟಾರ್ಟ್ ಮಾಡುವ ಮೊದಲೇ ಅರ್ಧ ಪರೀಕ್ಷೆ ಮುಗಿಸಿ. ದಿನಾ ಹಾಕುವ ಶೂ ಹಾಕಿಕೊಂಡೇ ಕೂತುಕೊಳ್ಳಿ. ಒಂದು ಪಾದವಾದರೂ ಪೂರ್ತಿ ನೆಲಕ್ಕೆ ಕೂರಬೇಕು, ಅಥವಾ ಎರಡೂ ಪಾದಗಳ ಮುಂಭಾಗ ಗಟ್ಟಿಯಾಗಿ ಊರಬೇಕು. ಸೀಟಿನ ಎತ್ತರ 790 ಮಿಲಿಮೀಟರ್ ಅಂತ ಬರೆದಿರುವುದನ್ನೇ ನಂಬಬೇಡಿ. ಅಷ್ಟೇ ಎತ್ತರದ ಎರಡು ಬೈಕ್‌ಗಳಲ್ಲಿ ಅಗಲ ಸೀಟಿನದು ತೊಡೆಯನ್ನು ಹೊರಕ್ಕೆ ತಳ್ಳುತ್ತದೆ, ಕಾಲು ನೆಲ ಮುಟ್ಟುವುದಿಲ್ಲ. ಆಮೇಲೆ ಸೈಡ್ ಸ್ಟ್ಯಾಂಡ್ ತೆಗೆದು, ಕೂತಲ್ಲಿಂದಲೇ ಕಾಲಲ್ಲಿ ಹಿಂದಕ್ಕೆ ತಳ್ಳಿ ನೋಡಿ. ಇಳಿದು, ಹ್ಯಾಂಡಲ್ ಪೂರ್ತಿ ತಿರುಗಿಸಿ, ಪಕ್ಕದಲ್ಲಿ ನಡೆಯುತ್ತಾ ಒಂದು ಸುತ್ತು ಹಾಕಿಸಿ. ಇಷ್ಟಕ್ಕೇ ಏದುಸಿರು ಬಂದರೆ ಆ ಗಾಡಿ ಈಗ ಬೇಡ. 125ರಿಂದ 160 ಸಿಸಿಯ ಹೆಚ್ಚಿನ ಬೈಕ್‌ಗಳು 120ರಿಂದ 150 ಕೆಜಿ ಒಳಗಿರುತ್ತವೆ. ಸಿಗ್ನಲ್‌ನಲ್ಲಿ ವಾಲಿದಾಗ ಆ ಮೂವತ್ತು, ನಲವತ್ತು ಕೆಜಿ ವ್ಯತ್ಯಾಸ ಏನು ಅಂತ ನನ್ನ ಕಾಲಿಗೆ ಗೊತ್ತು.

ಹಾಗಂತ ಸಿಸಿ ಒಂದೇ ಲೆಕ್ಕ ಅಲ್ಲ. ರಾಯಲ್ ಎನ್‌ಫೀಲ್ಡ್‌ನ 650 ಸಿಸಿ ಟ್ವಿನ್ (ಎರಡು ಸಿಲಿಂಡರಿನ) ಇಂಜಿನ್ ಕೊಡುವ ಶಕ್ತಿ ಸುಮಾರು 47 ಎಚ್‌ಪಿ (ಹಾರ್ಸ್‌ಪವರ್). ನಾಲ್ಕು ಸಿಲಿಂಡರಿನ 600 ಸಿಸಿ ರೇಸ್ ಮಾದರಿ ಬೈಕ್‌ಗಳು 100 ಎಚ್‌ಪಿ ದಾಟುತ್ತವೆ. ಯುರೋಪಿನ ಎ2 (ಮಧ್ಯಮ ಶಕ್ತಿಯ ಬೈಕ್‌ಗಳ) ಲೈಸೆನ್ಸ್ ಕೂಡ ಸಿಸಿ ನೋಡುವುದಿಲ್ಲ. 35 ಕಿಲೋವ್ಯಾಟ್ ಶಕ್ತಿಯ ಮಿತಿ ಇಟ್ಟು, ಗಾಡಿಯ ತೂಕಕ್ಕೆ ಎಷ್ಟು ಶಕ್ತಿ ಅನ್ನುವುದಕ್ಕೂ ಮಿತಿ ಹಾಕಿದೆ. ನೀವು ಕೇಳಬೇಕಾದ ಪ್ರಶ್ನೆ, ಕಡಿಮೆ ಆರ್‌ಪಿಎಂನಲ್ಲಿ, ಅಂದರೆ ನಿಧಾನಕ್ಕೆ ತಿರುಗುವಾಗ, ಇಂಜಿನ್ ಹೇಗೆ ಎಳೆಯುತ್ತೆ ಅನ್ನುವುದು. ಟೆಸ್ಟ್ ರೈಡ್‌ನಲ್ಲಿ, ಇನ್ನೂ ಕಲಿತಿಲ್ಲದಿದ್ದರೆ ಕಲಿತವರ ಕೈಯಲ್ಲಿ, ಮೊದಲ ಗೇರಿಗೆ ಹಾಕಿ ಆಕ್ಸಿಲರೇಟರ್ ಮುಟ್ಟದೆ ನಿಧಾನಕ್ಕೆ ಕ್ಲಚ್ ಬಿಡಿಸಿ. ಗಾಡಿ ಆಫ್ ಆಗದೆ ಮೆಲ್ಲಗೆ ಮುಂದೆ ಹೋದರೆ ಅದು ನಿಮ್ಮ ತಪ್ಪುಗಳನ್ನು ಸಹಿಸಿಕೊಳ್ಳುತ್ತದೆ.

ಬೇರೆ ಎಲ್ಲಿ ಉಳಿಸಿದರೂ ಪರವಾಗಿಲ್ಲ, ಎಬಿಎಸ್ (ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಬಿಡಬೇಡಿ. ಗಾಬರಿಯಲ್ಲಿ ಹೊಸಬರು ಮುಂದಿನ ಬ್ರೇಕನ್ನು ಒಮ್ಮೆಲೇ ಗಟ್ಟಿಯಾಗಿ ಹಿಡಿಯುತ್ತಾರೆ. ಎಬಿಎಸ್ ಇಲ್ಲದಿದ್ದರೆ ಚಕ್ರ ಉರುಳುವುದು ನಿಂತು ಜಾರುತ್ತದೆ, ಗಾಡಿ ಕೆಳಗೆ. ಅದಕ್ಕೆ ಹೆದರಿ ಮುಂದಿನ ಬ್ರೇಕ್ ಮುಟ್ಟುವುದನ್ನೇ ಬಿಡುವವರೂ ಇದ್ದಾರೆ. ಅದು ಇನ್ನೂ ಅಪಾಯ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ಬರುವುದರಿಂದ ಗಾಡಿ ನಿಲ್ಲುವುದು ಹೆಚ್ಚಾಗಿ ಮುಂದಿನ ಚಕ್ರದಿಂದಲೇ. ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ ಅನ್ನುವುದೂ ನೆನಪಿರಲಿ.

ಬೇಜಾರಿನ ಮಾತಿಗೆ ಬರೋಣ. ಚಿಕ್ಕ ಬೈಕ್‌ನಲ್ಲಿ ಶಕ್ತಿ ಕಡಿಮೆ, ಅದಕ್ಕೇ ಅದು ಕಲಿಸುತ್ತದೆ. ಸರಿಯಾದ ಗೇರ್ ಹಾಕದಿದ್ದರೆ ಏರು ಹತ್ತುವುದಿಲ್ಲ, ತಿರುವಿನಲ್ಲಿ ಸುಮ್ನೆ ವೇಗ ಕಳೆದುಕೊಂಡರೆ ವಾಪಸ್ ಬರಲು ಹೊತ್ತಾಗುತ್ತದೆ. ನಾನು ಸರಿಯಾಗಿ ಗೇರ್ ಹಾಕಲು ಕಲಿತಿದ್ದು ಆ 125ರಲ್ಲೇ. ಒಂದು ವರ್ಷ ಆದ ಮೇಲೆ ದೊಡ್ಡದು ಬೇಕೆನಿಸಿದರೆ ಆಗ ತೆಗೆದುಕೊಳ್ಳಬಹುದು ಅಲ್ವಾ?

ಇದೇ ಕಾರಣಕ್ಕೆ ಸೆಕೆಂಡ್ ಹ್ಯಾಂಡ್ ಆದರೂ ನನಗೆ ಒಪ್ಪಿಗೆಯೇ. ಮೊದಲ ಗಾಡಿ ಒಂದೆರಡು ಸಲ ಬೀಳುವ ಸಾಧ್ಯತೆ ಇದ್ದೇ ಇದೆ. ನೋಡಲು ಹೋಗುವಾಗ ಇಂಜಿನ್ ಬಿಸಿ ಮಾಡಿಡಬೇಡಿ ಅಂತ ಮೊದಲೇ ಹೇಳಿ, ತಣ್ಣಗಿದ್ದಾಗ ಸ್ಟಾರ್ಟ್ ಆಗುವುದನ್ನು ನೋಡಬೇಕು. ಮುಂದಿನ ಫೋರ್ಕ್ (ಚಕ್ರ ಹಿಡಿದಿರುವ ಎರಡು ಕೊಳವೆ) ಮೇಲೆ ಎಣ್ಣೆ ಪಸೆ, ಕೊಕ್ಕೆಯಂತೆ ಸವೆದ ಸ್ಪ್ರಾಕೆಟ್ (ಚೈನ್ ಓಡುವ ಹಲ್ಲಿನ ಚಕ್ರ) ಹಲ್ಲು ಕಂಡರೆ ಖರ್ಚು ಬರುತ್ತದೆ. ಟೈರಿನ ಮೇಲೆ ನಾಲ್ಕಂಕಿ ಇರುತ್ತದೆ, 2322 ಅಂದರೆ 2022ರ 23ನೇ ವಾರ ತಯಾರಾದದ್ದು. ಫ್ರೇಮ್ (ಚಾಸಿ) ನಂಬರ್ ಗಾಡಿಯ ಕಾಗದಕ್ಕೆ ಹೊಂದದಿದ್ದರೆ ಮಾತೇ ಬೇಡ, ಎದ್ದು ಬನ್ನಿ.

ಬೈಕ್‌ಗೆ ಇಟ್ಟ ಹಣದಲ್ಲಿ ಮೊದಲು ಗದ್ದ ಮುಚ್ಚುವ ಹೆಲ್ಮೆಟ್, ಗ್ಲೌಸ್, ಪಾದದ ಕೀಲು ಮುಚ್ಚುವ ಶೂ ತೆಗೆದಿಡಿ. ಉಳಿದದ್ದಕ್ಕೆ ಗಾಡಿ ನೋಡಿ. ಮನೆಗೆ ತಂದ ಮೇಲೆ ಮೊದಲ ಒಂದೆರಡು ತಿಂಗಳು ಯಾರು ಎಷ್ಟೇ ಕೇಳಿದರೂ ಹಿಂದೆ ಕೂರಿಸಿಕೊಳ್ಳಬೇಡಿ. ಹಿಂದೆ ಒಬ್ಬರು ಕೂತರೆ ಬ್ರೇಕ್, ಬ್ಯಾಲೆನ್ಸ್ ಎರಡೂ ಬದಲಾಗುತ್ತವೆ.